ಕಾಗದ ಅರೆದು ಮಾಡಿದ ಬುಟ್ಟಿ

ನೆನೆದ ಮೆಂತ್ಯದ ವಾಸನೆ ಎಲ್ಲಿ ಬಂದರೂ ಮಾನ್ವಿಯ ನಮ್ಮ ಪ್ರಾಥಮಿಕ ಶಾಲೆಯ ಹಿಂದಿನ ಬೇವಿನ ನೆರಳು ಕಣ್ಣ ಮುಂದೆ ಬರುತ್ತದೆ. ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮೂರನೆಯ ತರಗತಿಯಲ್ಲಿದ್ದೆ. ಕೈಕೆಲಸದ ಪಾಠಕ್ಕೆಂದು ಶಾಂತಾಬಾಯಿ ಅಕ್ಕೋರು ಎಲ್ಲರಿಗೂ ಮನೆಯಿಂದ ರದ್ದಿ ಕಾಗದ ತರಲು ಹೇಳಿದ್ದರು. ಹರಿದ ಕಾಗದವನ್ನು ಮೂರು ದಿನ ಗಡಿಗೆಯಲ್ಲಿ ನೆನೆಹಾಕಿ, ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ, ಆ ಮುದ್ದೆಯನ್ನು ಬೋರಲು ಹಾಕಿದ ಬೋಗಾಣಿಯ ಮೇಲೆ ತಟ್ಟಿ ಒಣಗಿಸಿದರೆ ಬುಟ್ಟಿ. ನಮ್ಮ ಮನೆಗೆ ಪತ್ರಿಕೆ ಬರುತ್ತಿರಲಿಲ್ಲ. ಅವ್ವ ಕಳೆ ತೆಗೆಯಲು ಹೊಲಕ್ಕೆ ಹೋದಾಗ ಟ್ರಂಕಿನ ತಳದಲ್ಲಿ ಒಂದು ಕಟ್ಟು ಸಿಕ್ಕಿತು. ಒರಟಾದ ಕಂದು ಹಾಳೆಗಳು, ತುಂಬ ಉರ್ದು ಬರಹ. ಮನೆಯಲ್ಲಿ ಉರ್ದು ಓದುವವರೇ ಇರಲಿಲ್ಲ. ನಿಜಾಮರ ಕಾಲದ್ದೇನೋ, ಇನ್ನು ಯಾರಿಗೆ ಬೇಕು ಎಂದುಕೊಂಡೆ. ಆ ಹಾಳೆಗಳು ಅರೆದಾಗ ಬಲು ನುಣ್ಣಗಾದವು. ಅಕ್ಕೋರು ನನ್ನ ಮುದ್ದೆಯನ್ನು ಎಲ್ಲರಿಗೂ ಎತ್ತಿ ತೋರಿಸಿದರು.

ಹುರಮಂಜಿನ ಕೆಂಪು ಬಳಿದ ಬುಟ್ಟಿಯನ್ನು ಮನೆಗೆ ತಂದ ಸಂಜೆ ಅವ್ವ ಅದರಲ್ಲಿ ಬಳ್ಳೊಳ್ಳಿ ತುಂಬಿ ಒಲೆಯ ಪಕ್ಕ ಇಟ್ಟಳು. ಓಣಿಯ ಹೆಂಗಸರಿಗೆಲ್ಲ ತೋರಿಸಿದಳು. "ನನ್ನ ಮಗಳು ಮಾಡ್ಯಾಳ. ನಿಮ್ಮ ಹುಡುಗ್ಯಾರಂಗ ಬರೇ ಗ್ವಾಡಿಗಿ ಮಸಿ ಬಳಿಯಾಕಿ ಅಲ್ಲ" ಎಂದು ಅವರನ್ನು ಕೆಣಕಿದಳು. ಮನೆಯಲ್ಲಿ ಅವ್ವ ಹಾಗೆ ನಕ್ಕದ್ದು ಅದೇ ಕೊನೆ.

ಮರುದಿನ ಅಮಾವಾಸ್ಯೆ, ಹೊಲದ ಕೆಲಸಕ್ಕೆ ರಜೆ. ಅವ್ವ ಟ್ರಂಕು ತೆಗೆದವಳು ಬಹಳ ಹೊತ್ತು ಬಟ್ಟೆಗಳನ್ನು ತಿರುವಿಹಾಕಿದಳು. ಕಂದು ಹಾಳಿ ಎಲ್ಲಿ ಎಂದು ಕೇಳಿದಳು. ನನಗಿನ್ನೂ ಏನೂ ತಿಳಿದಿರಲಿಲ್ಲ. "ಇಲ್ಲೇ ಅವಲ್ಲಬೇ, ಬುಟ್ಟಿಯಾಗ" ಎಂದೆ, ಜಂಬದಿಂದ.

ಅವ್ವ ಬಳ್ಳೊಳ್ಳಿಯನ್ನು ನೆಲಕ್ಕೆ ಸುರಿದಳು. ಬುಟ್ಟಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಪಕ್ಕದ ಮನೆಯ ಮಹಬೂಬ ಚಾಚಾರ ಹತ್ತಿರ ನಡೆದಳು. ನಾನು ಹಿಂದೆ ಹೋದೆ. ವಿಷಯ ತಿಳಿದದ್ದು ಅಲ್ಲಿಯೇ. ಅಪ್ಪ ರಾಯಚೂರಿನ ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತನಾಗಿದ್ದ. ಅವನು ಕಲಿತದ್ದು ಉರ್ದು ಶಾಲೆಯಲ್ಲಿ. ಗಿರಣಿಯ ಕಂದು ಹಾಳೆಯಲ್ಲಿ ಬರೆದು ಲಾರಿಯವರ ಕೈಯಲ್ಲಿ ಕಳಿಸುತ್ತಿದ್ದ ಪತ್ರಗಳನ್ನು ಚಾಚಾ ಅವ್ವನಿಗೆ ಓದಿ ಹೇಳುತ್ತಿದ್ದರು. ನನ್ನ ಐದನೆಯ ವಯಸ್ಸಿಗೆ ಅಪ್ಪ ತೀರಿಕೊಂಡ ಮೇಲೂ, ನಾನು ಶಾಲೆಗೆ ಹೋದ ಹೊತ್ತಿನಲ್ಲಿ, ಅವ್ವ ಆಗಾಗ ಒಂದೊಂದನ್ನು ಒಯ್ದು ಓದಿಸಿಕೊಂಡು ಬರುತ್ತಿದ್ದಳಂತೆ. ತನಗೆ ಓದಲು ಬಾರದ ಹಾಳೆಯನ್ನು ಹೀಗೆ ಜೋಪಾನ ಮಾಡಿದವರು ನಿಮ್ಮ ಮನೆಯಲ್ಲೂ ಇದ್ದಿರಬಹುದು.

"ಇದರಾಗ ಒಂದಕ್ಷರರ ಕಾಣ್ತದೇನು ನೋಡ್ರಿ ಚಾಚಾ" ಎಂದಳು ಅವ್ವ.

ಚಾಚಾ ಚಷ್ಮಾ ಹಾಕಿಕೊಂಡು ಬುಟ್ಟಿಯನ್ನು ಬೆಳಕಿಗೆ ಹಿಡಿದರು. ಒಳಗೂ ಹೊರಗೂ ಹೆಬ್ಬೆರಳು ಆಡಿಸಿದರು. ಆಮೇಲೆ ನಿಧಾನವಾಗಿ ಹೇಳಿದರು: "ಓದಿದ್ದೆಲ್ಲ ನನ್ನ ತಲಿಯಾಗ ಅದ ಬೇಟಿ, ಕೇಳಿದಾಗ ಹೇಳ್ತೀನಿ. ಆ ಕಡೀದೊಂದು ನೀ ಓದಸ್ಲೇ ಇಲ್ಲಲ್ಲ."

ಅಪ್ಪನನ್ನು ಮಣ್ಣು ಮಾಡಿದ ಮೂರನೆಯ ದಿನ ಲಾರಿಯವನು ತಂದುಕೊಟ್ಟ, ಅಪ್ಪ ಸಾಯುವ ಮೊದಲು ಬರೆದಿದ್ದ ಕೊನೆಯ ಪತ್ರ ಅದು. ಚಾಚಾ ಬಿಚ್ಚಲು ಹೋದಾಗ ಅವ್ವ ಬೇಡವೆಂದು ಹಾಗೇ ಮರಳಿ ಒಯ್ದಿದ್ದಳು.

"ಅದೊಂದು ಉಳದ್ರ, ಅವರು ನನಗ ಇನ್ನೂ ಏನೋ ಹೇಳೂದು ಅದ ಅನಕೊಂಡಿದ್ದೆ" ಎಂದಳು. ನನ್ನ ಕಡೆ ನೋಡಲಿಲ್ಲ.

ಕಟ್ಟಿನಲ್ಲಿ ಮಡಿಕೆ ಬಿಚ್ಚದ ಹಾಳೆಯೊಂದು ಇದ್ದದ್ದು ನನಗೆ ನೆನಪಿದೆ. ಹರಿಯಲು ಗಟ್ಟಿಯಾಗಿತ್ತೆಂದು ಹಲ್ಲಿನಿಂದ ಹರಿದಿದ್ದೆ.

ಚಾಚಾ ಕೊಟ್ಟ ಮಾತು ಉಳಿಸಿಕೊಂಡರು. ಬದುಕಿರುವವರೆಗೆ, ಅವ್ವ ಹೋಗಿ ಕೂತಾಗಲೆಲ್ಲ, ನೆನಪಿದ್ದಷ್ಟು ಹೇಳಿದರು. ಬುಟ್ಟಿಗೆ ಗೆದ್ದಲು ಹತ್ತಿತು. ಹೋದ ಬೇಸಿಗೆಯಲ್ಲಿ ಅವ್ವನೂ ಹೋದಳು. ಕೊನೆಯ ಪತ್ರದಲ್ಲಿ ಅಪ್ಪ ಅವಳಿಗೆ ಏನು ಬರೆದಿದ್ದನೆಂದು ಅವಳಿಗೆ ತಿಳಿಯಲಿಲ್ಲ. ನನಗೂ ತಿಳಿದಿಲ್ಲ.