ಫೋನಿಗೊಂದು ಬಿಳಿ ಕೋಟು

ಇಳಕಲ್ಲಿನಲ್ಲಿ ಹನ್ನೆರಡು ವರ್ಷ ಡಾಕ್ಟರಾಗಿ ಹೆರಿಗೆ ಮಾಡಿಸಿದ ನಮ್ಮ ಪಕ್ಕದ ಮನೆಯ ಮಹಾನಂದಾ, ಅಮೆರಿಕದ ಷಾರ್ಲೆಟ್ಟಿಗೆ ಬಂದ ಮೇಲೆ ಬಿಳಿ ಕೋಟು ತೊಡುವುದು ಫೋನು ಮಾಡುವಾಗ ಮಾತ್ರ. ಇಲ್ಲಿ ಡಾಕ್ಟರಾಗಲು ಮತ್ತೆ ತರಬೇತಿ ಮುಗಿಸಬೇಕು; ಅಟ್ಲಾಂಟಾದಲ್ಲಿ ಅರಿವಳಿಕೆ ತರಬೇತಿಗೆ ಸೀಟು ಸಿಕ್ಕಿದೆ. ಆದರೆ ಅದು ಶುರುವಾಗುವುದು ಎರಡನೇ ವರ್ಷದಿಂದ. ಮೊದಲ ವರ್ಷವನ್ನು ಬೇರೆ ಆಸ್ಪತ್ರೆಯಲ್ಲಿ ತಾವೇ ಹುಡುಕಿಕೊಳ್ಳಬೇಕು. ಅದಕ್ಕೆ ದಿನವೂ ಕೋಟಿಗೆ ಇಸ್ತ್ರಿ ಹಾಕಿ, ಅಡುಗೆಮನೆ ಗೋಡೆಯ ಫೋನಿನ ಮುಂದೆ ನಿಂತು ಸೀಟಿದೆಯೇ ಎಂದು ಊರೂರಿನ ಆಸ್ಪತ್ರೆಗಳನ್ನು ಕೇಳುತ್ತಾರೆ. "ಫೋನಲ್ಲಿ ಕೋಟು ಯಾರಿಗ್ರೀ ಕಾಣುತ್ತೆ?" ಎಂದರೆ, "ನನ್ನ ದನಿಗೆ ಕಾಣತೈತ್ರೀ" ಎನ್ನುತ್ತಾರೆ. ಸೀಟಿಲ್ಲ ಎಂದ ಸೆಕ್ರೆಟರಿ ಕೆಮ್ಮಿದರೆ, ಎಷ್ಟು ದಿನದಿಂದ, ಬಿಪಿಗೆ ಯಾವ ಗುಳಿಗೆ ಎಂದು ವಿಚಾರಿಸದೆ ಫೋನು ಇಡುವವರಲ್ಲ; ಕೆಲವು ಬಿಪಿ ಗುಳಿಗೆಯಿಂದಲೂ ಕೆಮ್ಮು ಬರುತ್ತದಂತೆ. ಮೊನ್ನೆ ಅಂಥ ಸೆಕ್ರೆಟರಿಯೊಬ್ಬಳು ತಾನಾಗಿಯೇ ಫೋನು ಮಾಡಿದಳು. ಗಡಬಡಿಸಿ ಕೋಟು ತೊಟ್ಟು ಫೋನು ಎತ್ತಿದ ಮಹಾನಂದಾ, ಮಾತು ಮುಗಿದರೂ ಅದನ್ನು ಬಿಚ್ಚಲಿಲ್ಲ. "ಸೀಟು ಸಿಕ್ತೇನ್ರೀ?" ಎಂದೆ. "ಇಲ್ರೀ. ಗುಳಿಗಿ ಬದಲಿ ಮಾಡಿದ ಮ್ಯಾಲ ಆಕಿ ಕೆಮ್ಮು ಹೋತಂತ. ನನಗ ಡಾಕ್ಟರ್ ಅಂದ್ಲು."