ರೇಣುಕಾ ತಂದ ಬಲೆ

ಶಾಲು ಹೊದಿಸಿದ ಕೂಡಲೇ ರೇಣುಕಾ ನನ್ನನ್ನು ಕೇಳಿದಳು: “ಅಂಕಲ್, ಗೋಡೆ ಮ್ಯಾಲಿನ ರಿಂಗ್ ಎಲ್ಲೈತ್ರಿ?”

ಸಾಂತಾಕ್ರೂಜ್‌ನ ನಮ್ಮ ಹೌಸಿಂಗ್ ಸೊಸೈಟಿಗೆ ನಾನು ಸೆಕ್ರೆಟರಿ. ಇಲ್ಲಿ ಪಂಪು, ಗೇಟು ನೋಡಿಕೊಳ್ಳುವ ಶರಣಪ್ಪನ ಮಗಳು ರೇಣುಕಾ ಈಗ ಪೋರ್ಚುಗಲ್‌ನ ಬಾಸ್ಕೆಟ್‌ಬಾಲ್ ತಂಡವೊಂದರಲ್ಲಿ ಗಾರ್ಡ್ ಸ್ಥಾನದ ಆಟಗಾರ್ತಿ. ಆಟವೇ ಅವಳ ನೌಕರಿ. ಅಂದು ಬೆಳಿಗ್ಗೆಯಷ್ಟೇ ರಜೆಗೆ ಬಂದವಳಿಗೆ ಕಾಂಪೌಂಡಿನಲ್ಲೇ ಸನ್ಮಾನ. “ನಮ್ಮ ಅಂಗಳದಲ್ಲಿ ಬೆಳೆದ ಪ್ರತಿಭೆ” ಎಂದು ನಾನು ಆಗಷ್ಟೇ ಭಾಷಣ ಬಿಗಿದಿದ್ದೆ.

ಅವಳು ಬ್ಯಾಗಿನಿಂದ ರಿಂಗಿಗೆ ಕಟ್ಟುವ ಬಿಳಿ ಬಲೆಯೊಂದನ್ನು ತೆಗೆದಳು. “ಹಳೇದು ಹರಿದಿತ್ತಲ್ರಿ, ಅದಕ್ಕ ತಂದೀನಿ. ಅಪ್ಪಾ, ಏಣಿ ತಗೊಂಡ್ ಬಾ, ಕಟ್ಟೂಣು.”

ಶರಣಪ್ಪ ತಲೆ ಎತ್ತಲಿಲ್ಲ. ಚೆಂಡಿನ ಸದ್ದಿಗೆ ಮಧ್ಯಾಹ್ನದ ನಿದ್ದೆ ಕೆಡುತ್ತದೆಂದು, ಅವಳು ವಿದೇಶಕ್ಕೆ ಹೋದ ಮೇಲೆ, ಅವಳು ಆಡಿ ಕಲಿತ ಆ ರಿಂಗ್ ತೆಗೆಸಿದವನು ನಾನು. ಏಣಿ ಹತ್ತಿ ಬಿಚ್ಚಿದವನು ಅವನು. ಮಗಳಿಗೆ ಹೇಳಿರಲಿಲ್ಲ. ಆ ಜಾಗದಲ್ಲಿ ಈಗ ನನ್ನ ಕಾರು ನಿಲ್ಲುತ್ತದೆ.

ರೇಣುಕಾ ಕಾರನ್ನು ನೋಡಿದಳು, ಗೋಡೆಯ ನಾಲ್ಕು ತೂತುಗಳನ್ನು ನೋಡಿದಳು. ಬಲೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡಳು. ಶಾಲನ್ನು ಕುರ್ಚಿಯ ಮೇಲೆ ಬಿಟ್ಟು ಹೋದಳು.

ಶಾಲು ಇನ್ನೂ ಸೊಸೈಟಿ ಆಫೀಸಿನಲ್ಲೇ ಇದೆ. ನಾನು ಕಾರು ತೆಗೆಯುವಾಗ ಶರಣಪ್ಪ ಎಂದಿನಂತೆ ಗೇಟು ತೆರೆದು ನಮಸ್ಕಾರ ಮಾಡುತ್ತಾನೆ. ಪ್ರತಿಯಾಗಿ ನನ್ನ ಕೈ ಈಗ ಮೇಲೇಳುವುದಿಲ್ಲ.