ಸಂಡಿಗೆ ಜಗಳದ ಕೊನೆ

ಲಕ್ಷ್ಮೀಪುರಂನ ನಮ್ಮ ಮನೆಯಿಂದ ನಡೆದೇ ಹೋಗಬಹುದಾದ ಕಾಲೇಜೊಂದರಲ್ಲಿ, ಹೋದ ಬೇಸಿಗೆಯಲ್ಲಿ ನಾಲ್ಕು ಶನಿವಾರ ಕಥೆ ಬರೆಯುವುದನ್ನು ಹೇಳಿಕೊಡಲು ನನ್ನನ್ನು ಕರೆದಿದ್ದರು. ಇಪ್ಪತ್ತು ಮಂದಿ ಹುಡುಗಿಯರು. ಮೊದಲ ದಿನ ಬರೆಸಿದಾಗ ಎಲ್ಲರ ಕಥೆಯಲ್ಲೂ ಬೆಳದಿಂಗಳು, ಎಲ್ಲರ ನಾಯಕಿಯ ಕಣ್ಣಲ್ಲೂ ನೀರು. ಇದು ಬೇಡವೆಂದು, ‘ನಿಮ್ಮ ಮನೆಯಲ್ಲಿ ಕೇಳಿದ ಒಂದು ಜಗಳ ಬರೀರಿ’ ಎಂದೆ.

ಲಷ್ಕರ್ ಮೊಹಲ್ಲಾದಿಂದ ಬರುತ್ತಿದ್ದ ಒಬ್ಬಳು ಮೊದಲು ಬರೆದು ಮುಗಿಸಿದಳು. ಅವಳ ಅಜ್ಜಿ ತಾರಸಿಯ ಮೇಲೆ ಅಕ್ಕಿ ಸಂಡಿಗೆ ಒತ್ತಿ ಒಣಹಾಕಿದ್ದರು. ಪಕ್ಕದ ಮನೆಯಾಕೆ ಒದ್ದೆ ಸೀರೆಯನ್ನು ಹಿಂಡದೆ ಸಂಡಿಗೆಯ ಮೇಲಿದ್ದ ತಂತಿಗೆ ಹರವಿದರು. ‘ನೀವು ನನ್ನ ಸಂಡಿಗೆಯನ್ನು ಹಾಳುಗೆಡವಿರುವಿರಿ’ ಎಂದು ಅಜ್ಜಿ ನುಡಿದರಂತೆ.

“ನಿಮ್ಮಜ್ಜಿ ನಿಜವಾಗ್ಲೂ ಹೀಗೇ ಅಂದ್ರಾ?”

ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಇಲ್ಲ ಮೇಡಂ. ಅಂದಿದ್ದು ಹಾಗೇ ಬರೆದ್ರೆ ಮಾರ್ಕ್ಸ್ ಕಟ್ ಮಾಡ್ತಾರೆ.”

“ಇಲ್ಲಿ ಮಾರ್ಕ್ಸೇ ಇಲ್ಲ. ಹಾಗೇ ಬರಿ.”

ಬರೆದಳು. ಎದ್ದು ನಿಂತು ಓದಿದಳು. “ಏನಮ್ಮಿ, ಕಣ್ಣು ನೆತ್ತಿ ಮೇಲೈತಾ? ಬೆಳಗ್ಗೆಯಿಂದ ಸೊಂಟ ಮುರ್ಕೊಂಡು ಒತ್ತಿವ್ನಿ, ಅಭಿಷೇಕ ಮಾಡ್ಬುಟ್ಯಲ್ಲ!” ಇಡೀ ತರಗತಿ ಬೆಂಚು ಕುಟ್ಟಿಕೊಂಡು ನಕ್ಕಿತು. ಪಕ್ಕದ ಕೋಣೆಯ ಅಧ್ಯಾಪಕರು ಬಂದು ಇಣುಕಿ ಹೋದರು.

ಮುಂದಿನ ಶನಿವಾರ ನಾನು ಹೋದಾಗ ಬಾಗಿಲಲ್ಲಿ ಆ ಹುಡುಗಿಯ ಜೊತೆ ಒಬ್ಬ ಮುದುಕಿ ನಿಂತಿದ್ದರು. ಕೈಯಲ್ಲಿ ಮೊಮ್ಮಗಳ ನೋಟ್‌ಬುಕ್ಕು. ಮನೆಯ ಜಗಳವನ್ನು ಬೀದಿಗೆ ತಂದಿದ್ದಕ್ಕೆ ಬೈಸಿಕೊಳ್ಳಲು ಸಿದ್ಧಳಾದೆ.

“ಇದನ್ನ ಬರೆಸ್ದೋರು ನೀವೇಯಾ? ಇವ್ಳು ಅರ್ಧಂಬರ್ಧ ಬರ್ದವ್ಳೆ ಕಣ್ರವ್ವ” ಎಂದರು. “ಸಾಯಂಕಾಲ ಆವಮ್ಮ ಹಿಟ್ಟು ಬೇಯಿಸ್ಕಂಡು ಮೆಟ್ಲು ಹತ್ತಿ ಬಂದ್ಳು. ಇಬ್ರೂ ಕೂತು ಹೊಸ್ದಾಗಿ ಒತ್ತುದ್ವಿ. ಅದನ್ಯಾಕೆ ಬಿಟ್ಬುಟ್ಳು?”

“ನಾನಾಗ ಮನೇಲಿರ್ಲಿಲ್ಲ ಅಜ್ಜಿ. ಇದ್ದಿದ್ರೂ ಬರೀತಿರ್ಲಿಲ್ಲ. ರಾಜಿ ಆದ್ರೆ ಕಥೆ ಸಪ್ಪೆ ಆಗೋಗುತ್ತೆ.”

“ಜಗಳಕ್ಕೇ ನಿಲ್ಲಿಸ್ಬುಟ್ರೆ ಓದ್ದೋರು ನನ್ನ ಏನಂದ್ಕತಾರೆ?”

ಇಬ್ಬರೂ ನನ್ನ ಮುಖ ನೋಡಿದರು. ಕಥೆಯ ಮುಕ್ತಾಯದ ಬಗ್ಗೆ ಮಾತಾಡಲೆಂದೇ ನಾನು ಅಂದು ಎರಡು ಪುಟ ಟಿಪ್ಪಣಿ ತಂದಿದ್ದೆ. ಅದನ್ನು ಚೀಲದಿಂದ ತೆಗೆಯಲೇ ಇಲ್ಲ. ಅಜ್ಜಿಯನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಕಥೆ ಎಲ್ಲಿ ಮುಗಿಯಬೇಕೆಂದು ಹುಡುಗಿಯರನ್ನೇ ಕೇಳಿದೆ. ಅರ್ಧ ತರಗತಿ ಅಜ್ಜಿಯ ಪಕ್ಷ, ಅರ್ಧ ಮೊಮ್ಮಗಳ ಪಕ್ಷ. ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ನಾನೂ ತೀರ್ಪು ಕೊಡಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ.

ಕೊನೆಯ ಶನಿವಾರ ಮನೆಯವರನ್ನೂ ಕರೆಸಿ ಕಥೆ ಓದಿಸಿದೆವು. ಅಜ್ಜಿ ಪಕ್ಕದ ಮನೆಯಾಕೆಯನ್ನೂ ಕರೆತಂದಿದ್ದರು. ಇಬ್ಬರೂ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದರು. ಮೊಮ್ಮಗಳು ಓದಿದಳು. ಜಗಳ ಮುಗಿದು, ಬಿಸಿಲು ಇಳಿದ ಮೇಲೆ ಪಕ್ಕದ ಮನೆಯಾಕೆ ಹಿಟ್ಟಿನ ಪಾತ್ರೆ ಹಿಡಿದು ಮೇಲೆ ಬರುತ್ತಾರೆ. ಯಾರೂ ತಪ್ಪಾಯಿತೆನ್ನುವುದಿಲ್ಲ. ಅಜ್ಜಿ ಚಿಟಿಕೆ ಹಿಟ್ಟನ್ನು ನಾಲಿಗೆಗಿಟ್ಟು, “ಉಪ್ಪು ಕಮ್ಮಿ” ಎನ್ನುತ್ತಾರೆ. ಆಕೆ, “ನಿನ್ ನಾಲ್ಗೆನೇ ಸರಿಯಿಲ್ಲ ಬುಡು” ಎನ್ನುತ್ತಾರೆ. ಕಥೆ ಅಲ್ಲಿಗೆ ಮುಗಿಯಿತು.

ಮುಂದಿನ ಬೆಂಚಿನಲ್ಲಿ ಪಕ್ಕದ ಮನೆಯಾಕೆ ನಗುತ್ತಾ ಅಜ್ಜಿಯ ತೊಡೆಗೆ ಒಂದೇಟು ಕೊಟ್ಟರು. ಅಜ್ಜಿ ಮಾತ್ರ ನಗಲಿಲ್ಲ. ಮೊಮ್ಮಗಳನ್ನೇ ನೋಡುತ್ತಾ, ಸೆರಗಿನಿಂದ ಮೂಗು ಒರೆಸಿಕೊಂಡರು.

ಎಲ್ಲ ಮುಗಿದ ಮೇಲೆ ಗೇಟಿನ ಹತ್ತಿರ ಅವರನ್ನು ಹಿಡಿದೆ. “ನಿಮ್ಮ ಹತ್ರ ಇಂಥವು ಬಹಳ ಇರಬೇಕು ಅಜ್ಜಿ. ಒಂದಿನ ಮನೆಗೆ ಬರ್ಲಾ? ನನಗೂ ಹೇಳಿ, ಬರ್ಕೋತೀನಿ.”

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಬನ್ನಿ, ಕಾಪಿ ಕುಡ್ಕಂಡು ಹೋಗೀರಂತೆ. ಕತೆ ನಿಮ್ಗ್ಯಾಕೆ ಹೇಳ್ಲಿ? ಬರೆಯೋಳು ನಮ್ಮನೇಲೇ ಅವ್ಳಲ್ಲ!”